ಅರುವತ್ತೆಂಟನೆಯ ಹಾಳೆ

ತೋಟ ಬೆಂಗ್ರೆ
19-07-2025, ಶನಿವಾರ

ಪ್ರೀತಿಯ ಜ್ಯೋತ್ಸ್ನಾ,

ನಿನಗೂ ಮನೆಯವರಿಗೂ ದೇವರು ಒಳ್ಳೆಯದು ಮಾಡಲಿ. ನೀನು ಫೋನಿನಲ್ಲಿ ಕೇಳಿದ ಒಂದೇ ಒಂದು ಮಾತಿಗೆ ಹದಿನಾರು ದಿನ ಕಳೆದ ಮೇಲೆ ಉತ್ತರ ಬರೆಯಲು ಕೂತಿದ್ದೇನೆ. ತಡವಾಯಿತು, ತಪ್ಪು ನನ್ನದು. ಫೋನು ಮಾಡಬಹುದಿತ್ತು. ಆದರೆ ಫೋನು ಕಿವಿಗಿಟ್ಟ ಕೂಡಲೇ ನನ್ನ ಬಾಯಿ ನನ್ನ ಮಾತನ್ನೇ ಕೇಳುವುದಿಲ್ಲ ಎಂದು ನಿನಗೆ ಗೊತ್ತುಂಟು. ಬರೆಯುವಾಗ ಹಾಗಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈ, ಒಂದು ಸಾಲು ಮುಗಿಯುವಷ್ಟರಲ್ಲಿ ಸಿಟ್ಟು ತಣಿಯುತ್ತದೆ. ನಾವು ಆಡುವುದು ತುಳು, ನನಗೆ ಬರೆಯಲು ಬರುವುದು ಮಾಸ್ಟ್ರು ಹೊಡೆದು ಕಲಿಸಿದ ಕನ್ನಡ. ತಪ್ಪಿದ್ದರೆ ತಿದ್ದಿಕೊಂಡು ಓದು.

ಇಲ್ಲಿ ಮಳೆಗಾಲದ ನಿಷೇಧಕ್ಕೆ ಬೋಟುಗಳನ್ನೆಲ್ಲ ಕಟ್ಟಿಹಾಕಿದ್ದಾರೆ. ಕಡಲಿಗೆ ಇಳಿಯಲು ಇನ್ನೂ ಹನ್ನೆರಡು ದಿನ ಉಂಟು. ಮಳೆಗೆ ನಿನ್ನ ಅಮ್ಮನ ಮಂಡಿನೋವು ಜಾಸ್ತಿಯಾಗಿದೆ, ಆದರೂ ಒಣಮೀನಿನ ಬುಟ್ಟಿ ಬಿಡುವುದಿಲ್ಲ. ಬೈದರೆ, "ನೀನು ಬೈದ್ರೆ ಮಂಡಿ ಗುಣ ಆಗ್ತದಾ ಅಣ್ಣ? ಹಾಗಾದ್ರೆ ಇನ್ನೂ ಸ್ವಲ್ಪ ಬೈ" ಎನ್ನುತ್ತಾಳೆ. ಸ್ವರ್ಣಲತಾ ಎಂದು ಹೆಸರಿಟ್ಟವರು ಅವಳ ನಾಲಗೆ ನೋಡಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಗುರುವಾರ ಕಮರುದ್ದೀನ್ ಬಂದಿದ್ದ. ನಿನ್ನ ಲೈಬ್ರರಿಯಲ್ಲಿ ಇಪ್ಪತ್ತಾರು ವರ್ಷ ಹಳೇ ಪುಸ್ತಕಗಳ ಹಾಳೆ ಅಂಟಿಸಿ, ಹೊಲಿದು, ಕಣ್ಣು ಹಾಳು ಮಾಡಿಕೊಂಡ ಕಮರುದ್ದೀನ್. ಆ ಮಳೆಯಲ್ಲಿ ಫೆರಿ ಹತ್ತಿ ಬಂದು, ಕೊಡೆ ಮಡಚಿ ಜಗಲಿಯಲ್ಲಿ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

"ಚೆನ್ನಪ್ಪಣ್ಣ, ಒಂದು ಸತ್ಯ ಹೇಳಿ ಸಾಕು. ಆ ದಿನ ಎಣಿಸುವಾ ಅಂತ ನಾನು ಹೇಳಿದ್ದೆನಾ ಇಲ್ವಾ?"

"ಯಾವ ದಿನ?"

"ನೀವು ಮೇಡಮಿನ ತಂದೆಯ ಕೈಬರಹದ ಪುಸ್ತಕ ತಂದು ಕೊಟ್ಟ ದಿನ. ರಿಜಿಸ್ಟರಿನಲ್ಲಿ ಅರುವತ್ತೆಂಟು ಹಾಳೆ ಅಂತ ಉಂಟು. ಈಗ ಫೋಟೋ ತೆಗೆಯುವಾಗ ಅರುವತ್ತೇಳೇ ಸಿಕ್ಕಿತು. ಕೊನೆಯದ್ದನ್ನು ಯಾರೋ ಹರಿದಿದ್ದಾರೆ. ಹೊಲಿಗೆಗೆ ಅಂತ ಎರಡು ವಾರ ಪುಸ್ತಕ ಇದ್ದದ್ದು ನನ್ನ ಮೇಜಿನಲ್ಲಿ. ಮತ್ತೆ ಯಾರನ್ನು ಕೇಳ್ತಾರೆ ಹೇಳಿ? ವಿಭಾಗದ ಕೀ ತೆಗೊಂಡ್ರು, ಮನೆಯಲ್ಲಿ ಕೂರ್ಲಿಕ್ಕೆ ಹೇಳಿದ್ರು. ಸೋಮವಾರ ಎನ್‌ಕ್ವೈರಿ."

"ಹೊಲಿಯುವಾಗ ನಿನಗೆ ಕಾಣಲಿಲ್ವಾ?"

ಅವನು ನೆಲ ನೋಡಿದ. "ಹರಿದ ಚೂರು ಕಂಡಿತ್ತು. ಮೇಡಮಿನ ಮಾಮ ಹೇಳಿದ ಲೆಕ್ಕ, ಅದು ತಪ್ಪು ಅಂತ ಹೇಗೆ ಹೇಳುವುದು ಅಂತ ಬಾಯಿ ಮುಚ್ಚಿ ಕೂತೆ. ನನ್ನ ತಪ್ಪು ಅಷ್ಟೇ."

ನಾನು ಮಾಡಿದ್ದು ಎಂತ ಗೊತ್ತಾ? "ನಿಮ್ಮ ಲೈಬ್ರರಿ ಜಗಳಕ್ಕೆ ನನ್ನನ್ನು ಸಾಕ್ಷಿಗೆ ಎಳೀಲಿಕ್ಕೆ ಬಂದದ್ದಾ? ನಡಿ ಇಲ್ಲಿಂದ!" ಎಂದು ಕಿರುಚಿದೆ. ಅವನು ಕೊಡೆ ಬಿಚ್ಚುತ್ತಾ, "ಮೇಡಮಿಗೆ ಬೈಬೇಡಿ. ಕೀ ತೆಗೊಳ್ಳುವಾಗ ಅವರು ನನ್ನ ಮುಖ ನೋಡ್ಲಿಲ್ಲ. ಅವರಿಗೂ ಕಷ್ಟವೇ" ಎಂದು ಹೋದ. ನಿನ್ನ ಅಮ್ಮ ಚಹಾ ತರುವಷ್ಟರಲ್ಲಿ ಜಗಲಿ ಖಾಲಿ. "ಮನೆಗೆ ಬಂದವನನ್ನು ಮಳೆಗೆ ಓಡಿಸಿದೆಯಲ್ಲ, ನೀನು ಮನುಷ್ಯನಾ?" ಎಂದು ಲೋಟವನ್ನು ನನ್ನ ಪಕ್ಕದಲ್ಲಿ ಕುಕ್ಕಿದಳು. ಅದು ಅಲ್ಲೇ ತಣಿಯಿತು.

ಆಗಿನಿಂದ ನನಗೆ ನಿನ್ನ ಲೈಬ್ರರಿಗೆ ಪುಸ್ತಕ ತಂದ ಜನವರಿಯ ಆ ದಿನವೇ ಕಣ್ಣೆದುರು. ಮೂರನೇ ಮಾಳಿಗೆ, ಬಾಗಿಲಲ್ಲಿ ನಿನ್ನ ಹೆಸರಿನ ಹಲಗೆ, ಅದರ ಕೆಳಗೆ 'ಮುಖ್ಯಸ್ಥರು, ವಿಶೇಷ ಸಂಗ್ರಹ ವಿಭಾಗ'. ಅದನ್ನು ನಾನು ಎರಡು ಸಲ ಓದಿದೆ, ನೀನು ನೋಡಲಿಲ್ಲ. ನೀನು ನನ್ನ ಬಾಯಿಯ ವೀಳ್ಯ ಉಗುಳಿಸಿದೆ, ಕೈ ತೊಳೆಸಿದೆ, ಕಿಸೆಯ ಪೆನ್ನು ಹೊರಗಿಡಿಸಿದೆ. ಒಳಗೆ ಚಳಿಯೋ ಚಳಿ. ನಾವು ಐಸ್‌ಪ್ಲಾಂಟಿನಲ್ಲಿ ಬಂಗುಡೆ ಇಡುವ ಹಾಗೆ ನೀವು ಪುಸ್ತಕ ಇಟ್ಟಿದ್ದೀರಿ ಎಂದೆ. ನೀನು ನಕ್ಕೆ. ಮತ್ತೆ ನಿನ್ನ ಅಪ್ಪನ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ, ಬಾಣಂತಿಯಿಂದ ಕೂಸನ್ನು ತೆಗೆದುಕೊಳ್ಳುವ ಹಾಗೆ.

ತಾರಾನಾಥ ಬಾವ ನಮ್ಮ ದೋಣಿ ನಡೆಸುವ ತಂಡೇಲ. ನಾವೆಲ್ಲ ದಡ ಮುಟ್ಟಿದ ಕೂಡಲೇ ಮೈ ಚೆಲ್ಲುವವರು, ಅವನೊಬ್ಬ ಮಾತ್ರ ಪೆನ್ಸಿಲ್ ಹಿಡಿದು ಕೂರುವವನು. ಗಾಳಿ ಯಾವ ಕಡೆಯದ್ದು, ನೀರಿನ ಬಣ್ಣ ಎಂತ, ಬಂಗುಡೆ ಎಲ್ಲಿ ಕಂಡಿತು, ಬೂತಾಯಿ ಮೀನು ಯಾವಾಗ ಬಂತು. ಏಳು ವರ್ಷ ಹಾಗೆ ಬರೆದ. ಕರಾವಳಿಯ ಕಡಲು ಹೇಗಿತ್ತು ಎನ್ನುವುದಕ್ಕೆ ಇಂಥ ದಾಖಲೆ ನಿಮ್ಮ ಇಡೀ ಕಟ್ಟಡದಲ್ಲಿ ಇಲ್ಲ ಎಂದು ನೀನು ಹೇಳಿದೆ. ಹಾಳೆ ತಿರುಗಿಸುತ್ತಾ ತಿರುಗಿಸುತ್ತಾ ನಗೆಯಾಡಿದೆ: "ಬಂಗುಡೆಯ ಹೆಸರು ನೂರು ಸಲ ಉಂಟು ಮಾಮ, ನನ್ನದು ಒಂದು ಸಲವೂ ಇಲ್ಲ!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಗ ಕಮರುದ್ದೀನ್ ಹೇಳಿದ. ಕೊಡುವವರು, ತೆಗೆದುಕೊಳ್ಳುವವರು, ಮೂರನೆಯವರೊಬ್ಬರು ಬೇರೆ ಬೇರೆ ಎಣಿಸಿಯೇ ರಿಜಿಸ್ಟರಿಗೆ ಹಾಕುವುದು ಇಲ್ಲಿಯ ಕ್ರಮ, ಎಣಿಸುವಾ ಎಂದ. ಹೌದು, ಹೇಳಿದ. ನನ್ನೆರಡು ಕಿವಿ ಸಾಕ್ಷಿ. ನಾನು ಮೇಜು ಗುದ್ದಿದೆ. "ಎಣಿಸ್ಲಿಕ್ಕೆ ಇದೇನು ಬೂತಾಯಿಯಾ ಮಾರಾಯ? ಅರುವತ್ತೆಂಟು! ಮೂವತ್ತೇಳು ವರ್ಷ ನನ್ನ ಪೆಟ್ಟಿಗೆಯಲ್ಲಿದ್ದದ್ದು. ನಾನು ಸುಳ್ಳು ಹೇಳ್ತೇನಾ?" ನೀನು, "ಇರಲಿ ಕಮರುದ್ದೀನ್, ಮಾಮ ಹೇಳಿದ್ರೆ ಆಯ್ತು" ಎಂದು ಎಣಿಸದೆ ಬರೆದೆ. ನನ್ನ ಮರ್ಯಾದೆ ಉಳಿಸಲಿಕ್ಕೆ.

ಅರುವತ್ತೆಂಟು ಎನ್ನುವುದು ಸುಳ್ಳಲ್ಲ. ಅಷ್ಟು ವರ್ಷ ಅಷ್ಟೇ ಇದ್ದವು. ಆದರೆ ನಿನ್ನಲ್ಲಿಗೆ ಬರುವ ಹಿಂದಿನ ದಿನ ಕೊನೆಯ ಹಾಳೆಯನ್ನು ನಾನೇ ಹರಿದು ತೆಗೆದಿದ್ದೆ. ಬಾಯಿಗೆ ಹಳೆಯ ಲೆಕ್ಕವೇ ಬಂತು. ಹೇಳಿದ ಮೇಲೆ ಗೊತ್ತಾಯಿತು. ಆದರೆ ಮೇಜು ಗುದ್ದಿಯಾಗಿತ್ತು. ಗುದ್ದಿದ ಮೇಲೆ ಮಾತು ಹಿಂದೆ ತೆಗೆದು ನನಗೆ ಅಭ್ಯಾಸವಿಲ್ಲ. ಈ ತಿಂಗಳ ಮೊದಲಿಗೆ ನೀನು ಫೋನಿನಲ್ಲಿ, "ಮಾಮ, ಸರಿಯಾಗಿ ನೆನಪು ಮಾಡಿ, ಕೊಡುವಾಗ ಅರುವತ್ತೆಂಟೇ ಇತ್ತಾ?" ಎಂದು ಎಷ್ಟು ಮೆಲ್ಲಗೆ ಕೇಳಿದೆ! ನಾನು, "ಎತ್ತಿ ಆಡಿಸಿದವನನ್ನು ಕಳ್ಳ ಅಂತೀಯಾ?" ಎಂದು ಕಟ್ ಮಾಡಿದೆ. ನಾನು ಅಂದು ಒಂದು 'ಇಲ್ಲ' ಎಂದಿದ್ದರೆ ಆ ಮನುಷ್ಯನ ಕೀ ಅವನ ಸೊಂಟದಲ್ಲೇ ಇರುತ್ತಿತ್ತು.

ಸೋಮವಾರ ಈ ಕಾಗದವನ್ನು ಕಮಿಟಿಯ ಮೇಜಿನ ಮೇಲೆ ಇಡು. ಹಾಳೆ ಹರಿದವನು ಚೆನ್ನಪ್ಪ, ಕಮರುದ್ದೀನ್ ಅಲ್ಲ. ಕರೆದರೆ ಬರುತ್ತೇನೆ, ವೀಳ್ಯ ಉಗುಳಿಯೇ ಬರುತ್ತೇನೆ. ನಿನಗೂ ಒಂದು ಮಾತು, ಬೇಜಾರಾದರೆ ಆಗಲಿ. ಕ್ರಮ ತಪ್ಪಿದವಳು ನೀನು, ಮನೆಯಲ್ಲಿ ಕೂತವನು ಅವನು. ಎಣಿಸದೆ ಸಹಿ ಹಾಕಿದ್ದು ನಾನು ಎಂದು ಎಲ್ಲರೆದುರು ಎದ್ದು ನಿಂತು ಹೇಳು. ಕುರ್ಚಿ ಹೋದೀತು ಎಂದು ಹೆದರಿಕೆಯಾದರೆ ಹೆದರು, ಆದರೆ ಹೇಳು. ಕೀಯನ್ನು ನಿನ್ನ ಕೈಯಿಂದಲೇ ಕೊಡು, ಅವನ ಮುಖ ನೋಡಿ ಕೊಡು.

ಅಂಚೆಗೆ ಹಾಕಿದರೆ ಸೋಮವಾರದೊಳಗೆ ಮುಟ್ಟಲಿಕ್ಕಿಲ್ಲ. ನಾಳೆ ನಾನೇ ಕುಲಶೇಖರಕ್ಕೆ ಬಂದು ನಿನ್ನ ಫ್ಲ್ಯಾಟಿನ ವಾಚ್‌ಮನ್ ಕೈಯಲ್ಲಿ ಕೊಡುತ್ತೇನೆ. ಮೇಲೆ ಬರುವುದಿಲ್ಲ. ಕರೆಯಬೇಡ.

ನಿನ್ನ ಮನೆ ತುಂಬಿರಲಿ, ನಿನ್ನ ಕಣ್ಣು ತಂಪಾಗಿರಲಿ. ನಾನು ಆಶೀರ್ವಾದ ಮಾಡಬಹುದೋ ಇಲ್ಲವೋ, ಮಾಡಿದ್ದೇನೆ.

ನಿನ್ನ ಮಾಮ
ಚೆನ್ನಪ್ಪ ಸಾಲ್ಯಾನ್

ತಾ.ಕ.: ಇದನ್ನು ಬೇರೆ ಕಾಗದದಲ್ಲಿ ಬರೆದಿದ್ದೇನೆ. ಕಮಿಟಿಗೆ ಮೇಲಿನದು ಸಾಕು, ಇದು ನಿನಗೆ. ಯಾಕೆ ಹರಿದೆ ಎಂದು ಕೇಳದೆ ಬಿಡುವವಳಲ್ಲ ನೀನು.

ನಿನ್ನ ಅಪ್ಪ ಹೇಗೆ ಹೋದ ಎಂದು ನೀನು ನಾಲ್ಕು ವರ್ಷದವಳಿದ್ದಾಗಿನಿಂದ ನಾನು ಹೇಳಿದ್ದು ಒಂದೇ ಕಥೆ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ತೆರೆ ಜೋರಿತ್ತು, ನಾನು ಬೇಡ ಎಂದೆ, ಅವನು ಹಟ ಮಾಡಿ ದೋಣಿ ಇಳಿಸಿದ, ಐದು ಜನ ಹೋದೆವು, ನಾಲ್ಕು ಜನ ಈಜಿ ಬಂದೆವು. ಅದನ್ನು ನಂಬಿ ನಿನ್ನ ಅಮ್ಮ, "ಹೆಂಡತಿ ಮಗಳ ನೆನಪು ಆಗ್ಲಿಲ್ವಾ ಆ ಮನುಷ್ಯನಿಗೆ?" ಎಂದು ಇಷ್ಟು ವರ್ಷ ಸತ್ತವನ ಮೇಲೆ ಸಿಟ್ಟು ಹೊತ್ತುಕೊಂಡೇ ಬದುಕಿದಳು. ಚಿಕ್ಕವಳಿದ್ದಾಗ ನೀನು ಹಟ ಮಾಡಿದಾಗಲೆಲ್ಲ "ಅಪ್ಪನದ್ದೇ ಬುದ್ಧಿ" ಎಂದು ಬೈದವನು ನಾನು. ನಾಳೆ ಇದನ್ನು ಕೊಟ್ಟು ಹಿಂದೆ ಬಂದ ಮೇಲೆ ನಿನ್ನ ಅಮ್ಮನಿಗೆ ನಾನೇ ಹೇಳುತ್ತೇನೆ.

ಹಾಳೆಯನ್ನು ಇದರೊಳಗೆ ಇಟ್ಟಿದ್ದೇನೆ. ಪುಸ್ತಕಕ್ಕೆ ಸೇರಿಸುವುದಾದರೆ ಅಂಟಿಸುವ ಕೈ ಕಮರುದ್ದೀನನದ್ದೇ ಆಗಲಿ. ಸುಡಬೇಕೆಂದು ಒಲೆಯವರೆಗೆ ಒಯ್ದಿದ್ದೆ, ಕೊನೆಯ ಸಾಲು ನೋಡಿ ಕೈ ಬರಲಿಲ್ಲ. ಪೆನ್ಸಿಲ್ ಮಾಸಿದೆ, ಅದಕ್ಕೆ ಇಲ್ಲಿ ಬರೆದುಕೊಡುತ್ತೇನೆ:

"13-8-87. ಪಡುವಣ ಗಾಳಿ. ನೀರು ಕೆಂಪು. ಅಳಿವೆಯಲ್ಲಿ ತೆರೆ ಒಡೆಯುತ್ತದೆ. ನಾಳೆ ಇಳಿಸುವುದು ಬೇಡ ಎಂದೆ. ಚೆನ್ನಪ್ಪ ಎಲ್ಲರೆದುರು ಹೆದರುಪುಕ್ಕಲ ಎಂದು ಬೈದ. ಇಳಿಸುತ್ತೇವೆ. ಜ್ಯೋತ್ಸ್ನಾಳಿಗೆ ಜ್ವರ ಬಿಟ್ಟಿತು. ಗಂಜಿ ಕುಡಿದಳು."

ಅರುವತ್ತೆಂಟು ಹಾಳೆಗಳಲ್ಲಿ ನಿನ್ನ ಹೆಸರು ಇರುವುದು ಅದೊಂದೇ ಕಡೆ. ಆ ದಿನ ನೀನು ನಗೆಯಾಡಿದಾಗ ಅದು ನನ್ನ ಅಂಗಿಯ ಕಿಸೆಯಲ್ಲಿತ್ತು.