ಎರಡನೇ ಮಗ್ಗುಲಿನ ಮೂರನೇ ಹಾಡು

2 ಆಗಸ್ಟ್ 1971, ಸಿರುಗುಪ್ಪ

ಬ್ಯಾಟರಿ ಚಾರ್ಜಿಗೆ ಹಾಕಿದೆ. ಬಾಡಿಗೆಗೆ ಒಯ್ಯುವ ಮೈಕ್ ಸೆಟ್ಟಿನ ಹಾಡಿನ ಪ್ಲೇಟುಗಳ ಧೂಳು ಒರೆಸಿದೆ. ಇಂಗ್ಲಿಷ್ ಪ್ಲೇಟು ಕೊನೆಗೆ, ಮೆತ್ತಗೆ. ಅದರಲ್ಲಿ ಹಾಡಿದವರು ಲಂಡನ್ನಿನ ನಾಲ್ಕು ಹುಡುಗರು. ಅವರ ಮೊದಲ ಪ್ಲೇಟಿಗೆ ಬಳ್ಳಾರಿಯ ಮೆಡಿಕಲ್ ಹುಡುಗರು ಮುಗಿಬಿದ್ದರಂತೆ. ಇದು ಅವರ ಎರಡನೆಯದು, ಎರಡು ವರ್ಷ ಅಲ್ಲಿನ ಅಂಗಡಿಯಲ್ಲೇ ಕೊಳೆಯಿತು. ಮಾರಿದವನೇ ಬೇಡ ಅಂದ. ಅವನಿಗೇನು ಗೊತ್ತು!

ಎರಡನೇ ಮಗ್ಗುಲು, ಮೂರನೇ ಹಾಡು. ಮೊದಲು ಬರೀ ಡ್ರಮ್ಮು. ಆಮೇಲೆ ಹಾಡುವವನು ಉಸಿರೆಳೆದುಕೊಳ್ಳುವುದೂ ಕೇಳಿಸುತ್ತದೆ. ಒಂದಕ್ಷರ ತಿಳಿಯದು. ಆದರೂ ನನ್ನ ಪೆಟ್ಟಿಗೆಯಲ್ಲಿ ಇದರಂಥದ್ದು ಇನ್ನೊಂದಿಲ್ಲ. ನನ್ನನ್ನು ಬಿಟ್ಟು ಒಬ್ಬರು... ಒಬ್ಬರೇ ಒಬ್ಬರು ಚಲೋ ಐತಿ ಅಂದರೆ ಸಾಕು.

3 ಆಗಸ್ಟ್

ಹೆಂಡತಿ ಹಂಪಮ್ಮನಿಗೆ ಕೇಳಿಸಿದೆ. ಪೂರ್ತಿ ಕೇಳಿದಳು. "ಆ ಹುಡುಗಗ ಹೊಟ್ಟಿ ನೋಯಾಕತ್ತೈತೇನು?" ಅಂದಳು.

ಸಿಟ್ಟಿನಲ್ಲಿ ಸೂಜಿ ಎತ್ತುವಾಗ ಕೈ ಜಾರಿತು. ಗೀರು ಬಿತ್ತು, ಅದೇ ಹಾಡಿನ ನಡುವೆ. ಈಗ ಅಲ್ಲಿ ಒಂದೇ ತುಂಡನ್ನು ಮೂರು ಸಲ ಹೇಳಿ ಮುಂದೆ ಹೋಗುತ್ತದೆ. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ.

8 ಆಗಸ್ಟ್

ಕರೂರು. ಎರ್ರಿಸ್ವಾಮಿಯವರ ಮೊಮ್ಮಗಳ ತೊಟ್ಟಿಲು. ದೇವರ ಹಾಡು, ಸಿನಿಮಾ ಹಾಡು ಎಲ್ಲ ಆಯಿತು. ಊಟದ ಹೊತ್ತಿಗೆ ನನ್ನ ಪ್ಲೇಟು ಹಚ್ಚಿದೆ. ಎಂಜಲು ಕೈಯಲ್ಲೇ ಎದ್ದು ಬಂದರು ಎರ್ರಿಸ್ವಾಮಿ. ಕೂಸು ಬೆಚ್ಚಿಬೀಳುತ್ತದೆ, ತೆಗೆ ಅಂದರು. ತೆಗೆಯಲಿಲ್ಲ. ಬೇವಿನ ಮರ ಹತ್ತಿ ಹಾರ್ನನ್ನು ಗದ್ದೆಯ ಕಡೆ ತಿರುಗಿಸಿದೆ. ಹಟಕ್ಕೆ ಬಿದ್ದು ಅದೊಂದೇ ಹಾಡನ್ನು ಏಳು ಸಲ ಹಚ್ಚಿದೆ. ಭತ್ತವಾದರೂ ಕೇಳಲಿ.

ಗದ್ದೆಯಲ್ಲಿ ಹನ್ನೆರಡು ಹೆಂಗಸರು ಬಗ್ಗಿ ನಾಟಿ ಮಾಡುತ್ತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಕೋಣನ ಮುಂದೆ ಕಿನ್ನರಿ ಅಂದುಕೊಂಡು ವೈರು ಸುತ್ತಿದೆ.

11 ಆಗಸ್ಟ್, ಸಂಜೆ

ಅಂಗಡಿ ಮುಂದೆ ಕರೂರಿನ ಪಾರಮ್ಮ ನಿಂತಿದ್ದಳು. ಆ ನಾಟಿ ಗುಂಪಿನ ಹಿರಿಯಳು. ಬೈಯಲು ಬಂದಳು ಅಂದುಕೊಂಡೆ.

"ಉಚ್ಚೆಂಗಣ್ಣ, ಮೂರು ಸಲ ತಿರುಗಿ ತಿರುಗಿ ಅಂತಾನಲ್ಲ, ಆ ಹಾಡು ಭಾಳ ಚಲೋ ಐತಿ. ಕೈ ತಾನ ಓಡತಾವ. ಶುಕ್ರವಾರ ಬದುವಿಗೆ ಬಂದು ಹಚ್ಚು."

ಗೀರಿನ ಸಂಗತಿ ಹೇಳಲಿಲ್ಲ. ಅವಳು ಹೋದ ಮೇಲೆ ಅಂಗಡಿಯೊಳಗೆ ಒಬ್ಬನೇ ನಕ್ಕೆ. ಇಷ್ಟು ಹೆಮ್ಮೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಶುಕ್ರವಾರ ಹಂಪಮ್ಮನನ್ನೂ ಕರೆದುಕೊಂಡು ಹೋಗಬೇಕು. ನೋಡಲಿ.

13 ಆಗಸ್ಟ್, ಶುಕ್ರವಾರ

ಕರೂರಿನಿಂದ ಈಗ ತಾನೇ ಬಂದೆವು. ಕಾಲಿನ ಕೆಸರೂ ತೊಳೆದಿಲ್ಲ. ಬದುವಿನ ಮೇಲೆ ಹಾಡು ನಾಲ್ಕು ಸಲ ಸರಿಯಾಗಿ ಬಂತು. ಐದನೇ ಸಲ, ಗೀರಿಗೆ ಇನ್ನೇನು ಮುಟ್ಟಬೇಕು — ಬ್ಯಾಟರಿ ಇಳಿಯಿತು. ದನಿ ಎಳೆದೆಳೆದು ನಿಂತಿತು. ಮಾನ ಹೋಯಿತು ಅನ್ನಿಸಿತು. ತಲೆ ತಗ್ಗಿಸಿ ವೈರು ತಡಕಾಡುತ್ತಿದ್ದೆ. ಹಂಪಮ್ಮ ಭುಜ ಮುಟ್ಟಿದಳು. ಕೇಳು ಅಂದಳು.

ಗದ್ದೆಯಲ್ಲಿ ಹಾಡು ನಿಂತಿರಲಿಲ್ಲ. ಮಾತಿಲ್ಲ, ಬರೀ ಧಾಟಿ. ಹನ್ನೆರಡು ದನಿ. ಸಸಿ ಊರುತ್ತ ಊರುತ್ತ ಗೀರಿನ ಜಾಗಕ್ಕೆ ಬಂದರು. ಒಂದು ಸಲ. ಎರಡು ಸಲ. ಮೂರನೇ ಸಲಕ್ಕೆ ನನ್ನ ಪಕ್ಕದಲ್ಲಿ ಹಂಪಮ್ಮನ ದನಿಯೂ...