ಸೋಮವಾರದ ಹುಣಸೆಹಣ್ಣು

ನಂಜನಗೂಡು
೨೬-೮-೧೯೯೯

ಪ್ರೀತಿಯ ಮಗಳು ಗಾನವಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಮೈ ಹುಷಾರಾಗಿದೆಯೇ? ತವರಿಗೆ ಹೊರಟ ದಿನ ನಿನಗೆ ನೆಗಡಿ ಇತ್ತು. ಬನ್ನೂರಿನಲ್ಲಿ ನಾಲೆಗೆ ನೀರು ಬಿಟ್ಟಿರಬೇಕು, ಗದ್ದೆ ಕಡೆಯಿಂದ ಥಂಡಿ ಬರುತ್ತದೆ, ಕಿವಿಗೆ ಬಟ್ಟೆ ಕಟ್ಟಿಕೋ. ನಿನ್ನ ಅಮ್ಮನ ಮಂಡಿನೋವು ಹೇಗಿದೆ? ನನಗೆ ಅಕ್ಷರ ಬಾರದ್ದು ನಿನಗೆ ಗೊತ್ತೇ ಇದೆ, ಅದಕ್ಕೆ ಮದನನನ್ನು ಕೂರಿಸಿ ಬರೆಸುತ್ತಿದ್ದೇನೆ. ಪಕ್ಕದ ಮನೆ ಚನ್ನಾಜಮ್ಮನ ಮೊಮ್ಮಗಳ ಕೈಲಿ ಬರೆಸಬಹುದಿತ್ತು. ಆದರೆ ಈ ಮಾತು ನಿನ್ನ ಗಂಡನ ಕಿವಿಗೂ ನನ್ನ ಬಾಯಿಂದಲೇ ಬೀಳಲಿ. ಒಂದಕ್ಷರ ಬದಲಾಯಿಸಬಾರದು ಎಂದು ಅವನಿಗೆ ಹೇಳಿದ್ದೇನೆ.

ಉಪ್ಪಿನಕಾಯಿ ಕಲಸುವ ಮೆಷಿನ್ ತರಲು ಯುಗಾದಿಗೆ ಮುಂಚೆ ಮೂವರೂ ಮೈಸೂರಿಗೆ ಹೋಗಿದ್ದೆವಲ್ಲ. ಅಂಗಡಿಯವನು ಎರಡು ತೋರಿಸಿದ. ಒಂದರ ರೆಕ್ಕೆ ಪೂರಾ ಸ್ಟೀಲು, ನೋಡಲು ಮಂಕು. ಇನ್ನೊಂದರದು ಕಬ್ಬಿಣಕ್ಕೆ ಕ್ರೋಮಿಯಂ ಹೊದಿಸಿದ್ದು, ಮುಖ ಕಾಣುವಷ್ಟು ಹೊಳಪು. ನೀನು ಮೆಲ್ಲಗೆ, "ಸ್ಟೀಲಿಂದೇ ತಕ್ಕೊಳಣ ಅತ್ತೆ. ಇದ್ರ ಹೊಳಪು ಮೇಲ್ಗಡೆ ಮಾತ್ರ. ನಾವು ಆಕೋದು ಉಪ್ಪು, ಹುಳಿ. ಒಂಚೂರು ಎದ್ರೂ ಒಳಗಿನ ಕಬ್ಬಿಣ ತುಕ್ಕು ಇಡೀತದೆ" ಎಂದೆ. ನಾನು ಕೇಳಲಿಲ್ಲ. ಮೆಷಿನ್ ಪೂಜೆಗೆ ಬಂದ ನೆಂಟರು ನೋಡಿ ಕಣ್ಣರಳಿಸಬೇಕೆಂಬ ಆಸೆ ನನಗೆ. ಕೈಯಲ್ಲೇ ಕಲಸಿ ಕಲಸಿ ಬೆರಳು ಉರಿಸಿಕೊಂಡವಳಿಗೆ ಆ ಹೊಳಪು ಬೇಕಾಗಿತ್ತು ಕಣೆ.

ನೀನು ದಿನಾ ಸಂಜೆ ಬಿಸಿನೀರಲ್ಲಿ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿಡುತ್ತಿದ್ದೆ. ಅದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಸೋಮವಾರ ದೇವರ ಸಾಮಾನು ಬೆಳಗುವಾಗ, ವಿಭೂತಿ ಹಚ್ಚಿದ ಮೆಷಿನ್ನೂ ದೇವರೇ ತಾನೇ ಎಂದು, ನೀನು ಅಂಗಡಿಗೆ ಹೋದ ಹೊತ್ತು ನೋಡಿ ನಾನು ಆ ರೆಕ್ಕೆಗಳನ್ನೂ ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದೆ. ಹಿತ್ತಾಳೆ ಚೊಂಬು ತಿಕ್ಕಿದ ಹಾಗೆಯೇ. ಇಲ್ಲಿ ಮದನ್ ಪೆನ್ನು ನಿಲ್ಲಿಸಿದ್ದಾನೆ. ಬರೆಯಪ್ಪ ಎಂದೆ.

ಶ್ರಾವಣದ ದಾಸೋಹಕ್ಕೆಂದು ಮಠಕ್ಕೆ ಕಳಿಸಿದ ಜಾಡಿಯನ್ನು ಅಡುಗೆ ನೋಡಿಕೊಳ್ಳುವ ನಾಗಯ್ಯನವರು ತಾವೇ ಹೊತ್ತು ತಂದರಲ್ಲ. "ತಪ್ಪು ತಿಳ್ಕಬ್ಯಾಡಿ ತಾಯಿ, ಕರ್ರಗಾಗ್ಬುಟ್ಟದೆ, ತುಕ್ಕಿನ ವಾಸ್ನೆ ಬತ್ತದೆ. ಊಟಕ್ಕೆ ಕುಂತೋರು ಎಲೆ ತುದೀಗೆ ತಳ್ಬುಟ್ರು" ಎಂದರು. ಚನ್ನಾಜಮ್ಮನೂ ಅಲ್ಲೇ ಇದ್ದಳು. ನನ್ನ ಮಾನ ಉಳಿಸಿಕೊಳ್ಳಲು ನಿನ್ನ ತಲೆಗೆ ಕಟ್ಟಿದೆ. "ನಮ್ ಸೊಸೆಗೆ ತೊಳ್ಯಾಕೆ ಬರಾಕಿಲ್ಲ, ಒದ್ದೆ ಬುಟ್ಬುಡ್ತಾಳೆ" ಎಂದುಬಿಟ್ಟೆ. ನೀನು ಮದನನ ಕಡೆ ಒಮ್ಮೆ ನೋಡಿದೆ. ಸಂಜೆ ಬಸ್ಸು ಹತ್ತಿದೆ.

ಈ ಸೋಮವಾರ ಮತ್ತೆ ತಿಕ್ಕಿದೆ. ಹೊಳಪು ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಕೈಗೇ ಬಂತು, ಕೆಳಗೆ ಬರೀ ತುಕ್ಕು. ಕೆಡಿಸಿದವಳು ನಾನೇ ಎಂದು ಆಗ ಗೊತ್ತಾಯಿತು. ತುಂಬ ನಾಚಿಕೆಯಾಗಿದೆ ಮಗಳೇ. ಚನ್ನಾಜಮ್ಮನ ಮನೆಗೆ ಹೋಗಿ ಹೇಳಿದೆ, ಮಠಕ್ಕೂ ಹೋಗಿ ಹೇಳಿದೆ. ನಾಗಯ್ಯನವರು ನಕ್ಕರು. ಬೈದಿದ್ದರೇ ಚೆನ್ನಾಗಿತ್ತು.

ಮದನನ ಮೇಲೆ ಮಾತ್ರ ಸಿಟ್ಟು ಇಟ್ಟುಕೊಳ್ಳಬೇಡ. ಅವನಿಗೇನು ಗೊತ್ತು ಪಾಪ, ತಾಯಿಯ ಮಾತು ನಂಬಿದ. ಸ್ಟೀಲಿನ ರೆಕ್ಕೆಯೇ ಹಾಕಿಸೋಣ, ನೀನು ಬಂದು ಆರಿಸು. ಬರಲು ಮನಸ್ಸಿಲ್ಲದಿದ್ದರೆ ನಾನೇ ಬನ್ನೂರಿಗೆ ಬರುತ್ತೇನೆ, ನಿಮ್ಮ ಮನೆಯವರ ಮುಂದೆಯೂ ಹೇಳುತ್ತೇನೆ.

ಬೀಗರಿಗೂ ಬೀಗಿತ್ತಿಗೂ ನನ್ನ ಶರಣು ತಿಳಿಸು. ನಂಜುಂಡಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ,
ಪುಟ್ಟಬಸಮ್ಮ

ಮತ್ತೆ: ಗಾನವಿ, ಇದನ್ನು ಅಂಚೆ ಡಬ್ಬದ ಹತ್ತಿರ ನಿಂತು ಬರೆಯುತ್ತಿದ್ದೇನೆ. ಅವ್ವನಿಗೆ ಓದಿ ಹೇಳಿಲ್ಲ. ಅವ್ವ ಹುಣಸೆಹಣ್ಣು ಹಾಕಿ ತಿಕ್ಕುವುದನ್ನು ನಾನು ಕಂಡಿದ್ದೆ, ಒಂದು ಸಲವಲ್ಲ. ಆ ದಿನ ನೀನು ನನ್ನ ಮುಖ ನೋಡಿದಾಗ ಎಲ್ಲ ಗೊತ್ತಿದ್ದೂ ನೆಲ ನೋಡಿಕೊಂಡು ನಿಂತೆ. ಅವನಿಗೇನು ಗೊತ್ತು ಪಾಪ ಎಂದು ಅವ್ವ ಹೇಳಿದಾಗಲೂ ಬಾಯಿ ಬಿಡದೆ ಅದನ್ನು ನನ್ನ ಕೈಯಾರೆ ಬರೆದೆ. — ಮದನ್