ಸಿರುಗುಪ್ಪದ ಕೆಲಸಕ್ಕೆ ನೀನು ಕೊಟ್ಟ ಉತ್ತರ

ಹಾಲಸಿದ್ದ,

ರಾತ್ರಿ ಚಿಲಕ ತೆಗೆದ ಸದ್ದಿಗೆ ನನಗೆ ಎಚ್ಚರವಾಯಿತು. ಸಿರುಗುಪ್ಪದ ಕಾಲುವೆ ಕೆಲಸಕ್ಕೆ ನಾನು ಬರುತ್ತೇನೋ ಇಲ್ಲವೋ ಎಂದು ಬಾಗಿಲಿಗೆ ಬಂದ ಕನ್ಸಲ್ಟೆನ್ಸಿಯವರು ಕೇಳಿದ್ದು ನಿನ್ನನ್ನು. ನೀನು, "ಅಕ್ಕಗ ಮನಸಿಲ್ಲರಿ. ಆರು ತಿಂಗಳ ಕಾಂಟ್ರ್ಯಾಕ್ಟಿಗೆ ಯಾರ್ ಬರ್ತಾರ್ರಿ?" ಎಂದು ನಗುತ್ತ ಅವರನ್ನು ಕಳಿಸಿಬಿಟ್ಟೆ. ಒಳಗೆ ಮಲಗಿದ್ದ ನನಗೆ ಎಲ್ಲ ಕೇಳಿಸಿತು.

ಆರು ತಿಂಗಳಾದ ಮೇಲೆ ಏನು ಎಂಬ ಭಯ ನನಗೂ ಇದೆ. ಆದರೆ ಎಂಜಿನಿಯರಿಂಗ್ ಓದಿದವಳು ನಾನು, ತೂಗಿ ನೋಡಬೇಕಾದವಳೂ ನಾನೇ. ಒಪ್ಪಿಗೆ ಹೇಳಲು ಮೊದಲ ಬಸ್ಸಿಗೆ ಅವರ ಆಫೀಸಿಗೆ ಹೊರಟಿದ್ದೇನೆ.

ಅವ್ವನಿಗೆ ಊಟಕ್ಕೆ ಮೊದಲು ಮಾತ್ರೆ ಕೊಡು. ರೊಟ್ಟಿ ಬುಟ್ಟಿಯಲ್ಲಿದೆ. ಪುಂಡಿಪಲ್ಯ ನೀನೇ ಬಿಸಿ ಮಾಡಿಕೋ. ಸಂಜೆ ನನ್ನನ್ನು ಕರೆಯಲು ಬಸ್ ಸ್ಟ್ಯಾಂಡಿಗೆ ಬರಬೇಡ.

ನೀನು ಮಾಡಿದ್ದನ್ನು ಅವ್ವನಿಗೂ ಹೇಳುವುದಿಲ್ಲ, ಬೇರೆ ಯಾರಿಗೂ ಹೇಳುವುದಿಲ್ಲ. ಹೇಳಿದರೆ, "ನಿನ್ನ ತಮ್ಮ ಅದಾನ, ಹೊಟ್ಯಾಗ ಹಾಕ್ಕೊ ಯವ್ವಾ" ಎಂದು ಅವ್ವ ನನ್ನನ್ನೇ ಬೇಡುತ್ತಾಳೆ. ಅದಕ್ಕೆ ನಾನು ತಯಾರಿಲ್ಲ.

ಸುವರ್ಣ